ಸಾಲಿಗೆ ಒಂದೇ ರಿಯಾಯಿತಿ: ಹಾಡು ಬರೆಯುವಾಗಿನ ನನ್ನ ಅನುಭವ

ಟ್ಯೂನಿಗೆ ಸಾಹಿತ್ಯ ಬರೆಯುವವರಿಗೆ ಎರಡು ಕಡೆಯಿಂದಲೂ ಏಟು. ಫೀಲ್ ಇದ್ದರೆ ಸಾಕು, ವ್ಯಾಕರಣ ಯಾರಿಗೆ ಬೇಕು ಎನ್ನುವ ಸಂಗೀತ ನಿರ್ದೇಶಕರು ಒಂದು ಕಡೆ. ವಿಭಕ್ತಿ ನುಂಗಿದ್ದೀರಿ ಎಂದು ಕೆಂಪು ಶಾಯಿ ಹಿಡಿದು ಕೂರುವ ಕನ್ನಡ ಮೇಷ್ಟ್ರು ಇನ್ನೊಂದು ಕಡೆ. ಸಾಲಿಗೆ ಒಂದೇ ರಿಯಾಯಿತಿ ಎಂದು ನಾನು ಕಟ್ಟುಪಾಡು ಹಾಕಿಕೊಂಡಾಗ ಇಬ್ಬರೂ ನಕ್ಕಿದ್ದರು. ಕಳೆದ ವರ್ಷ ಒಂದು ಭಕ್ತಿಗೀತೆಗಳ ಆಲ್ಬಮ್ ಪೂರ್ತಿ ತಿದ್ದುಪಡಿಯಿಲ್ಲದೆ ರೆಕಾರ್ಡ್ ಆಯಿತು. ಈಗ ಅದೇ ನಿರ್ದೇಶಕರು ಬೇರೆಯವರ ಸಾಲುಗಳನ್ನೂ ನೋಡಿಕೊಡಿ ಎಂದು ಕಳುಹಿಸುತ್ತಾರೆ.

ಕಟ್ಟುಪಾಡು ಇಷ್ಟೇ. ಒಂದು ಸಾಲಿನಲ್ಲಿ ವಿಭಕ್ತಿಯನ್ನು ಮೊಟಕು ಮಾಡಬಹುದು, ಇಲ್ಲವೇ ಪದಗಳ ಕ್ರಮ ತಿರುಗಿಸಬಹುದು. ಎರಡೂ ಒಟ್ಟಿಗೆ ಕೂಡದು. ಉಚ್ಚಾರಕ್ಕೆ ಹಿಡಿಯುವ ಕಾಲದ ಅಳತೆಯಾದ ಮಾತ್ರೆಯ ಲೆಕ್ಕದಲ್ಲಿ ‘ನಿನ್ನನ್ನು’ ಐದು ಮಾತ್ರೆ, ‘ನಿನ್ನ’ ಮೂರು. ಆ ಎರಡು ಮಾತ್ರೆಯ ಆಸೆಗೇ ಅಲ್ಲವೇ ನಾವೆಲ್ಲ ಬೀಳುವುದು? ‘ಮಗಳು ಅಮ್ಮನ ಕರೆದಳು’ ಎಂದರೆ ತಿಳಿಯುತ್ತದೆ. ‘ಕರೆದಳು ಮಗಳು ಅಮ್ಮನನ್ನು’ ಎಂದರೂ ತಿಳಿಯುತ್ತದೆ. ‘ಕರೆದಳು ಅಮ್ಮನ ಮಗಳು’ ಎಂದು ನೋಡಿ, ಯಾರು ಯಾರನ್ನು ಕರೆದರೋ ದೇವರಿಗೇ ಗೊತ್ತು. ಕ್ರಿಯಾಪದದ ಲಿಂಗ, ವಚನಗಳನ್ನು ನಾನು ಮುಟ್ಟುವುದೇ ಇಲ್ಲ. ಪಲ್ಲವಿಯಲ್ಲಿ ‘ನೀನು’ ಎಂದ ದೇವರನ್ನು ಚರಣದಲ್ಲಿ ‘ನೀವು’ ಎನ್ನುವುದೂ ಇಲ್ಲ.

ಆದರೆ ವ್ಯಾಕರಣ ಸರಿಯಿದ್ದ ಸಾಲೇ ನನ್ನ ಜೇಬಿಗೆ ಹೆಚ್ಚು ಕತ್ತರಿ ಹಾಕಿದೆ. ಒಂದು ಒಡವೆ ಅಂಗಡಿಯ ಜಾಹೀರಾತಿಗೆ ‘ಕೈ ತುಂಬ ಬಳೆ’ ಎಂದು ಬರೆದಿದ್ದೆ. ಯಾವ ಮೇಷ್ಟ್ರೂ ತಪ್ಪು ಹುಡುಕಲಾರರು. ಟ್ಯೂನಿನಲ್ಲಿ ಸ್ವರ ನಿಲ್ಲುವುದು ‘ಬ’ ಅಕ್ಷರದ ಮೇಲೆ. ಗಾಯಕಿ ಎಳೆದು ಹಾಡಿದರು, ‘ಕೈ ತುಂಬ ಬಾಳೆ’ ಆಯಿತು. ಮಿಕ್ಸಿಂಗ್ ಮುಗಿದ ಮೇಲೆ ಅಂಗಡಿಯವರ ಮನೆಯ ಮಗುವೊಂದು ನಗುತ್ತಾ ಬಾಳೆಹಣ್ಣು ಕೇಳಿತಂತೆ. ಸ್ಟುಡಿಯೋ ಆಗ ಗಂಟೆಗೆ ಸುಮಾರು 800 ರೂಪಾಯಿ. ಗಾಯಕಿಗೆ ಮತ್ತೆ ಮೂರು ಸಾವಿರದ ಆಸುಪಾಸು. ನನಗೆ ಒಪ್ಪಿದ್ದ ಹತ್ತು ಸಾವಿರದಲ್ಲಿ ಕೈಗೆ ಬಂದದ್ದು ಬಸ್ ಖರ್ಚು, ಊಟದ ಖರ್ಚಿಗೆ ಸರಿಹೋಯಿತು. ಅಂದಿನಿಂದ ಟ್ಯೂನಿನ ಜೊತೆ ತಾತ್ಕಾಲಿಕವಾಗಿ ಹಾಡಿ ಕಳಿಸುವ ಡಮ್ಮಿ ಸಾಹಿತ್ಯವನ್ನು ನಾನು ಕೇಳಿಸಿಕೊಳ್ಳುವುದೇ ಇಲ್ಲ. ಬರಿಯ ಟ್ಯೂನ್ ತರಿಸಿಕೊಂಡು ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಗುರುತು ಹಾಕಿ, ಸ್ವರ ನಿಲ್ಲುವ ಕಡೆ ದೀರ್ಘಾಕ್ಷರವನ್ನೇ ಕೂರಿಸುತ್ತೇನೆ. ಚರಣದ ಕೊನೆಯ ಅಕ್ಷರವನ್ನು ಹೇಗೆ ಆರಿಸುತ್ತೇನೆ ಎಂಬುದು ಹೊಟ್ಟೆಪಾಡಿನ ಗುಟ್ಟು, ಅದನ್ನು ಇಲ್ಲಿ ಬರೆಯುವುದಿಲ್ಲ.

‘ಬರುತ್ತಿದೆ’ ಐದು ಮಾತ್ರೆ; ಒತ್ತು ತೆಗೆದು ‘ಬರುತಿದೆ’ ಎಂದರೆ ನಾಲ್ಕೂ ಲಘು. ಮೇಷ್ಟ್ರು ಇದಕ್ಕೂ ಮುಖ ಸಿಂಡರಿಸಿದಾಗ ನಾನು ಕೇಶಿರಾಜನನ್ನು ಸಾಕ್ಷಿಗೆ ಕರೆದೆ. 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ವೈಯಾಕರಣನೇ ಶಿಥಿಲದ್ವಿತ್ವವನ್ನು ಒಪ್ಪಿದ್ದಾನೆ: ಕೆಲವು ಪದಗಳಲ್ಲಿ ಒತ್ತಕ್ಷರದ ಹಿಂದಿನ ಅಕ್ಷರವನ್ನು ಲಘುವಾಗಿಯೇ ಎಣಿಸಬಹುದು. ಅದು ಬೇರೆ, ಇದು ಬೇರೆ ಎಂದರು ಮೇಷ್ಟ್ರು. ಬೇರೆಯೇ ಇರಬಹುದು, ಬಾಯಿಗೆ ಸಲೀಸಾಗಲಿ ಎಂಬ ಉದ್ದೇಶ ಒಂದೇ.

ನಡುವೆ ಬೆಂಗಳೂರಿನ ಒಂದು ಬ್ಯಾಂಡಿಗೆ ಇಂಗ್ಲಿಷ್ ಹಾಡು ಬರೆಯುವ ಹುಚ್ಚೂ ಹಿಡಿದಿತ್ತು. ಮಾತ್ರೆ ಎಣಿಸಿ ಬರೆದದ್ದೆಲ್ಲ ಬಿದ್ದುಹೋಯಿತು. ಅಲ್ಲಿ ಪದದ ಯಾವ ಭಾಗಕ್ಕೆ ಉಚ್ಚಾರದ ಒತ್ತು ಬೀಳುತ್ತದೆ ಎಂಬುದೇ ಲೆಕ್ಕ. ‘ಬಿಗಿನ್’ ಪದದ ‘ಬಿ’ಯನ್ನು ತಾಳದ ಪೆಟ್ಟಿನ ಮೇಲೆ ಕೂರಿಸಿದರೆ ಗಾಯಕ ಎಡವುತ್ತಾನೆ. ‘ಷಿ ಡಸಂಟ್’ ಹಾಡಲು ಬರದೆ ಅವನು ‘ಷಿ ಡೋಂಟ್’ ಎಂದ, ನಾನು ಹಾಗೆಯೇ ಬಿಟ್ಟೆ. ರೋಲಿಂಗ್ ಸ್ಟೋನ್ಸ್ ತಂಡ 1965ರ ‘ಸ್ಯಾಟಿಸ್ಫ್ಯಾಕ್ಷನ್’ ಹಾಡಿನಲ್ಲಿ ‘ಎನಿ’ ಬರಬೇಕಾದ ಕಡೆ ‘ನೋ’ ಹಾಡಿತು. ಶಾಲೆಯಲ್ಲಿ ಅದು ತಪ್ಪು, ಆದರೆ ಎರಡು ಉಚ್ಚಾರದ ಜಾಗ ಒಂದಕ್ಕಿಳಿಯಿತು, ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ನನಗೆ ಸೋಜಿಗವೆನಿಸಿದ್ದು ಬೇರೆ: ಇಂಗ್ಲಿಷಿನಲ್ಲಿ ಕ್ರಿಯಾಪದ ಸಡಿಲಿಸಿದರೂ ಅರ್ಥ ಉಳಿಯುತ್ತದೆ, ಪದಗಳ ಕ್ರಮ ಕೆಡಿಸಿದರೆ ಉಳಿಯುವುದಿಲ್ಲ. ನಮ್ಮಲ್ಲಿ ಪೂರ್ತಿ ತಿರುಗುಮುರುಗು. ಆ ಬ್ಯಾಂಡಿನಿಂದ ನನಗೆ ದುಡ್ಡು ಬರಲಿಲ್ಲ, ಒಂದು ಟೀ ಶರ್ಟ್ ಬಂತು.

ಈಗ ಭಕ್ತಿಗೀತೆಗೆ ಐದಾರು ಸಾವಿರ, ಜಾಹೀರಾತಿಗೆ ಹದಿನೈದು, ಅರ್ಧ ಅಡ್ವಾನ್ಸ್. ಟ್ಯೂನ್ ಒಪ್ಪಿದ ಮೇಲೆ ಬರೆಸುವವರೇ ಅದನ್ನು ಬದಲಾಯಿಸಿದರೆ ಸಾಲಿಗೆ 500 ರೂಪಾಯಿ ಹೆಚ್ಚುವರಿ ಎಂದು ಮೊದಲೇ ಹೇಳಿಬಿಡುತ್ತೇನೆ.