ನಮ್ಮ ಗೋಣಿಕೊಪ್ಪ ನಡಿಗೆಗೆ ದುಡ್ಡು ಕೂಡಿದ್ದು ಹೀಗೆ

ಕೊಡಗಿನಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿ ದುಡ್ಡು ಕೂಡಿಸುವ ನಡಿಗೆಗೆ ಜನ ಬರಲ್ಲ, ಬಂದರೂ ದುಡ್ಡು ಬಿಚ್ಚಲ್ಲ ಅಂದವರೇ ಜಾಸ್ತಿ. ಕಳೆದ ಮಾರ್ಚ್‌ನಲ್ಲಿ ಗೋಣಿಕೊಪ್ಪದಿಂದ ಪೊನ್ನಂಪೇಟೆಗೆ 300ರ ಹತ್ತಿರ ಜನ ನಡೆದರು. ಖರ್ಚು ಕಳೆದು ಒಂದೂಮುಕ್ಕಾಲು ಲಕ್ಷ ಉಳಿಯಿತು. ನನಗೆ ಹೆಮ್ಮೆಯಿದೆ.

ನನ್ನ ಎಡ ಸ್ತನ ತೆಗೆದು, ಕೀಮೋ, ರೇಡಿಯೇಶನ್ ಎಲ್ಲ ಆಗಿ ಆರೇಳು ವರ್ಷವಾಯಿತು. ಮೊದಲ ನಡಿಗೆ ಮಾಡಿದ್ದು ಅಕ್ಟೋಬರ್‌ನಲ್ಲಿ, ಮಡಿಕೇರಿಯಲ್ಲಿ. ಸ್ತನ ಕ್ಯಾನ್ಸರ್ ಜಾಗೃತಿ ತಿಂಗಳು ಅದೇ ಅಲ್ವಾ ಅಂತ ಎಲ್ಲರೂ ಹೇಳಿದ್ದರು. ಆದರೆ ನಮ್ಮಲ್ಲಿ ಆಗ ದಸರಾ, ಕಾವೇರಿ ಸಂಕ್ರಮಣ, ಮೇಲೆ ಮಳೆ. ಒಂದಕ್ಕೆ 190ರಂತೆ ತರಿಸಿದ ಗುಲಾಬಿ ಟೀ ಶರ್ಟುಗಳಲ್ಲಿ ಅರ್ಧ ಹಾಗೇ ಉಳಿದವು. ಕೂಡಿದ್ದು 11 ಸಾವಿರ, ಶರ್ಟಿನ ಬಾಕಿಯೇ ಅದಕ್ಕಿಂತ ಜಾಸ್ತಿ. ಕೀಮೋ ಆಗಷ್ಟೇ ಮುಗಿಸಿದವರು ಆ ಏರಿನಲ್ಲಿ ಏದುಸಿರು ಬಿಡುತ್ತಾ ರಸ್ತೆ ಪಕ್ಕ ಕೂತರು. ಮರುವರ್ಷ ನಾವು ನಡೆದ ಕಿಲೋಮೀಟರಿಗೆ ಇಷ್ಟು ದುಡ್ಡು ಕೊಡಿ ಅಂತ ಕೇಳಿದೆವು. ಯಾರಿಗೂ ಲೆಕ್ಕ ಹತ್ತಲಿಲ್ಲ. ನಡುವೆ ಕಾಫಿಪುಡಿ ಪ್ಯಾಕೆಟ್ ಮಾಡಿ ಮಾರಿದೆವು. ಪುಡಿ ಚೆನ್ನಾಗಿತ್ತು, ಕವರಿನ ಖರ್ಚು ಲಾಭ ತಿಂದಿತು.

ಕೆಲಸ ಮಾಡಿದ್ದು ಕಾರಿನ ಲೆಕ್ಕ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಇಲ್ಲ, ನಿಜ. ಆದರೆ ಕೀಮೋ ಹಾಕಿಸಿಕೊಂಡು, ವಾಂತಿ ತಡೆದುಕೊಂಡು, ಮೈಸೂರಿನಿಂದ ಆ ರಶ್ಶಿನಲ್ಲಿ ನಿಂತು ಬಂದವರಿಗೇ ಗೊತ್ತು. ಕಾರು ಹೋಗಿ ಬರೋಕೆ ಸುಮಾರು ಮೂರೂವರೆ ಸಾವಿರ. ಹಾಗಾಗಿ "ದಾನ ಕೊಡಿ" ಅನ್ನೋದು ಬಿಟ್ಟೆವು. "ಒಬ್ಬ ಹೆಂಗಸಿಗೆ ಒಂದು ಕಾರು, ನಾಲ್ಕು ಮನೆ ಸೇರಿ ಕೊಡಿ" ಅಂದೆವು. ಒಂದು ಮನೆ ಕೊಟ್ಟರೆ ಉಳಿದ ಮೂರನ್ನು ಅವರೇ ಹಿಡಿದು ತಂದರು. ಮೊದಲು ಯಾರ ಮನೆಗೆ ಹೋಗಬೇಕು ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ.

ದಿನ ಆರಿಸಿದ್ದೂ ಮುಖ್ಯ. ಕಾಫಿ ಕೊಯ್ಲು ಮುಗಿಯದೆ ಯಾರೂ ತೋಟ ಬಿಟ್ಟು ಬರಲ್ಲ. ಮಾರ್ಚ್, ಭಾನುವಾರ, ಬೆಳಿಗ್ಗೆ ಏಳಕ್ಕೆ. ಗೋಣಿಕೊಪ್ಪದ ಸಂತೆಯೂ ಅವತ್ತೇ, ಲೈನ್ ಮನೆಯವರು, ಅಂದರೆ ತೋಟದಲ್ಲೇ ಇರುವ ಕೂಲಿಯವರು, ಹೇಗೂ ಬರುತ್ತಾರೆ. ದಾರಿ ಚಿಕ್ಕದು, ದೊಡ್ಡ ಏರಿಲ್ಲ. ಬ್ಯಾನರ್ ಹಿಡಿಯೋಕೆ ಗಂಡಸರನ್ನೇ ಹಾಕಿದೆವು. ಆಪರೇಷನ್‌ನಲ್ಲಿ ಕಂಕುಳ ದುಗ್ಧಗ್ರಂಥಿ ತೆಗೆಸಿಕೊಂಡವರು ಆ ಕೈಯಲ್ಲಿ ತುಂಬಾ ಹೊತ್ತು ಭಾರ ಹಿಡಿದರೆ ಬಾವು ಬರಬಹುದು.

ಸ್ತನ ಹೇಗೆ ನೋಡಿಕೊಳ್ಳಬೇಕು ಅಂತ ಕಲಿಸೋಕೆ ಸಂತೆ ಮೂಲೆಯಲ್ಲಿ ಪರದೆ ಕಟ್ಟಿ ನರ್ಸಮ್ಮನನ್ನು ಕೂರಿಸಿದ್ದೆವು. ತುಂಬಾ ಹೊತ್ತು ಯಾರೂ ಒಳಗೆ ಬರಲಿಲ್ಲ. ಒಬ್ಬಾಕೆ ತರಕಾರಿ ಚೀಲ ಹಿಡಿದು ಹೊರಗೇ ನಿಂತಿದ್ದಳು. ಕೈ ಹಿಡಿದು ಕರೆದೆ. ರವಿಕೆ ಸರಿಸಿ ನನ್ನ ಗಾಯದ ಗೆರೆ ತೋರಿಸಿದೆ. ಬೆರಳಿಟ್ಟು ನೋಡಿ, "ನೋವಿದೆಯಾ ಅಮ್ಮಾ?" ಅಂದಳು. "ಚಳಿಗೆ ಸ್ವಲ್ಪ ಬಿಗಿಯುತ್ತೆ, ಅಷ್ಟೇ" ಅಂದೆ. ಹೋಗಿ ನಾಲ್ಕೈದು ಜನರನ್ನು ಕರೆತಂದಳು. ಮುಟ್ಟು ಶುರುವಾಗಿ ಒಂದು ವಾರದ ಮೇಲೆ ನೋಡಿಕೊಳ್ಳಬೇಕು, ಗಂಟು ನೋಯದಿದ್ದರೂ ತೋರಿಸಲೇಬೇಕು ಅಂತ ನರ್ಸಮ್ಮ ಒಬ್ಬೊಬ್ಬರಿಗೂ ಕೈ ಹಿಡಿದು ಕಲಿಸಿದರು. ಟೀ ಶರ್ಟಿಗೆ ಸುರಿದ ದುಡ್ಡಿನಲ್ಲಿ ಇಂಥ ಎಷ್ಟು ಪರದೆ ಕಟ್ಟಬಹುದಿತ್ತು!

ಈಗ ವಿರಾಜಪೇಟೆಯವರು ತಮ್ಮಲ್ಲೂ ಇಂಥ ನಡಿಗೆ ಬೇಕು ಅಂತ ಕೇಳುತ್ತಿದ್ದಾರೆ. ಅಲ್ಲಿ ಸಂತೆ ಬುಧವಾರ, ತೋಟದ ಕೆಲಸದ ದಿನ. ಮಾಲೀಕರು ಅರ್ಧ ದಿನದ ಕೂಲಿ ಕೊಟ್ಟು ಕಳಿಸಿದರೆ ಆಗುತ್ತೆ. ಇಬ್ಬರು ಒಪ್ಪಿದ್ದಾರೆ.