ಮೂರು ಕಡೆಯ ಅನುದಾನದಲ್ಲಿ ಒಂದು ಅಂಗನವಾಡಿ ಕಟ್ಟಿದ ನನ್ನ ಅನುಭವ

ನಾನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ (ಪಿಡಿಒ) ಹೋದ ಊರಿನಲ್ಲಿ ಅಂಗನವಾಡಿ ಬಾಡಿಗೆ ಮನೆಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ಮಕ್ಕಳನ್ನು ತೂಗುವ ತಕ್ಕಡಿಯನ್ನು ತೊಲೆಗೆ ಕಟ್ಟಿದ್ದರು. ಲಸಿಕೆಯ ದಿನ ಸಿಸ್ಟರ್ ತಮ್ಮ ಪೆಟ್ಟಿಗೆಯನ್ನು ರಾಗಿ ಮೂಟೆಯ ಮೇಲಿಟ್ಟುಕೊಂಡು ಚುಚ್ಚುಮದ್ದು ಕೊಡುತ್ತಿದ್ದರು. ಸ್ವಂತ ಕಟ್ಟಡ ಬೇಕೆಂದು ತಾಯಂದಿರು ಗ್ರಾಮಸಭೆಯಲ್ಲಿ ವರ್ಷ ವರ್ಷವೂ ಕೇಳುತ್ತಿದ್ದರು.

ಹಣಕ್ಕೆ ದಾರಿ ಇತ್ತು. ಕೇಂದ್ರದ ಸಕ್ಷಮ ಅಂಗನವಾಡಿ ಮತ್ತು ಪೋಷಣ್ 2.0 ಯೋಜನೆಯ ಆಗಿನ ಮಾರ್ಗಸೂಚಿಯಂತೆ ಕಟ್ಟಡವೊಂದಕ್ಕೆ 12 ಲಕ್ಷ ರೂಪಾಯಿ: ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಾದ ನರೇಗಾದಿಂದ 8 ಲಕ್ಷ, ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಿಂದ 2 ಲಕ್ಷ, ಉಳಿದ 2 ಲಕ್ಷ ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುವ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಪಾಲು. ಆದರೆ ಒಂದೊಂದಕ್ಕೂ ಬೇರೆ ಮಂಜೂರಾತಿ, ಬೇರೆ ಲೆಕ್ಕ. ಇಲಾಖೆಯ ಆದೇಶ ಬರಲೆಂದು ಕಾಯುತ್ತಾ ಕೂತು ಮೊದಲ ವರ್ಷವನ್ನು ಕಳೆದದ್ದು ನನ್ನದೇ ತಪ್ಪು.

ಎರಡನೆಯ ವರ್ಷ ನಿವೇಶನದಿಂದ ಆರಂಭಿಸಿದೆ. ದಾನಿಯೊಬ್ಬರು ಬಾಯಿಮಾತಿನಲ್ಲಿ ಕೊಟ್ಟಿದ್ದ ಜಾಗವನ್ನು ಬಿಟ್ಟು, ಗ್ರಾಮಠಾಣಾದಲ್ಲಿದ್ದ ಪಂಚಾಯಿತಿ ನಿವೇಶನವನ್ನು ಅಂಗನವಾಡಿಗೆಂದು ಠರಾವು ಮಾಡಿಸಿ, ಪಂಚಾಯಿತಿ ಆಸ್ತಿಗಳ ಇ-ಸ್ವತ್ತು ತಂತ್ರಾಂಶದಲ್ಲಿ ಅದರ ಆಸ್ತಿ ದಾಖಲೆಯಾದ ನಮೂನೆ 9 ತೆಗೆಸಿದೆ. ಆ ಒಂದು ಹಾಳೆ ಕೈಗೆ ಬಂದ ಮೇಲೆ ಕಡತ ಎಲ್ಲಿಯೂ ನಿಲ್ಲಲಿಲ್ಲ.

ನರೇಗಾದಲ್ಲಿ ಕೂಲಿ ಮತ್ತು ಸಾಮಗ್ರಿಯ ಖರ್ಚಿನ ಅನುಪಾತ 60:40 ಇರಬೇಕಿತ್ತು. ಕಟ್ಟಡವೆಂದರೆ ಸಿಮೆಂಟು, ಕಬ್ಬಿಣದ ಖರ್ಚೇ ಹೆಚ್ಚು. ಆದ್ದರಿಂದ ಪಂಚಾಯಿತಿಯ ಆ ವರ್ಷದ ಕಾಮಗಾರಿಗಳ ಪಟ್ಟಿಯಾದ ಕ್ರಿಯಾಯೋಜನೆಗೆ ಕೂಲಿ ಹೆಚ್ಚಿರುವ ಕೆರೆ ಹೂಳೆತ್ತುವ ಹಾಗೂ ಹೊಲಗಳಿಗೆ ಬದು ಹಾಕುವ ಕೆಲಸಗಳನ್ನು ಸೇರಿಸಿ, ಅವನ್ನು ಬೇಸಿಗೆಯಲ್ಲೇ ಮುಗಿಸಿದೆವು. ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾದ ನಿರ್ಬಂಧಿತ ಹಣವಾಗಿತ್ತು. ಶೌಚಾಲಯ ಮತ್ತು ನಲ್ಲಿಯನ್ನು ಅದರಲ್ಲಿ ತೋರಿಸಿದ್ದರಿಂದ ಅನಿರ್ಬಂಧಿತ ಹಣ ಗೋಡೆ, ಚಾವಣಿಗೆ ಉಳಿಯಿತು. ಹೊಸದಾಗಿ ಬರುವ ಪಿಡಿಒಗಳಿಗೆ ನಾನು ಮೊದಲು ಹೇಳಿಕೊಡುವುದು ಈ ಲೆಕ್ಕವನ್ನೇ.

ತಿಂಗಳಿಗೊಮ್ಮೆ ಕಿರಿಯ ಎಂಜಿನಿಯರ್, ಅಂಗನವಾಡಿ ಮೇಲ್ವಿಚಾರಕಿ, ಸಿಸ್ಟರ್ ಮತ್ತು ನಾನು ನಿವೇಶನದಲ್ಲೇ ಸೇರುತ್ತಿದ್ದೆವು. ಗೋಡೆ ಲಿಂಟಲ್ ಮಟ್ಟಕ್ಕೆ ಬರುವ ಮುನ್ನ ಅಂಗನವಾಡಿ ಟೀಚರ್, "ಸರ್, ಅಡುಗೆ ಮನೆ ಬಾಗಿಲು ಮಕ್ಕಳು ಕೂರೋ ಕಡೆಗೆ ಬೇಡ, ಕುಕ್ಕರ್ ಇರುತ್ತೆ" ಎಂದರು. ಬಾಗಿಲನ್ನು ಆಚೆ ಗೋಡೆಗೆ ಬದಲಿಸಿದೆವು. ಸಿಸ್ಟರ್ ಕೇಳಿದಂತೆ ಲಸಿಕೆ ಪೆಟ್ಟಿಗೆಗೆ ಕಿಟಕಿಯ ಪಕ್ಕ ಕಡಪ ಕಲ್ಲಿನ ಹಲಗೆಯೊಂದನ್ನು ಕೂರಿಸಿದೆವು.

ಸಾಮಗ್ರಿ ಬಿಲ್ಲು ತಿಂಗಳುಗಟ್ಟಲೆ ತಡವಾಯಿತು. ಸಿಮೆಂಟು ಕೊಟ್ಟ ಅಂಗಡಿಯವರು ತಾಳ್ಮೆಯಿಂದ ಕಾದರು. ಕಾಂಪೌಂಡ್ ಈ ಹಣದಲ್ಲಿ ಆಗಲಿಲ್ಲ. ರಸ್ತೆ ಪಕ್ಕದ ಕಟ್ಟಡವಾದ್ದರಿಂದ ಅದನ್ನು ಮುಂದಿನ ಕ್ರಿಯಾಯೋಜನೆಯ ಮೊದಲ ಸಾಲಿನಲ್ಲೇ ಬರೆದಿದ್ದೇನೆ.