ಗಣಿತ ಸೆಮಿನಾರ್: ಒಂದೇ ಪ್ರಮೇಯ ಸಾಕು

40 ನಿಮಿಷ ಸಿಕ್ಕಿದ್ದರೆ 30 ನಿಮಿಷಕ್ಕಷ್ಟೇ ತಯಾರಾಗಿ. ಬೋರ್ಡಿನ ಮೇಲೆ ಬರೆಯುವುದಕ್ಕೆ ಮನೆಯಲ್ಲಿ ಓದಿಕೊಂಡಿದ್ದಕ್ಕಿಂತ ಹೆಚ್ಚು ಹೊತ್ತು ಬೇಕು.

ಸಾಧನೆಗೆ, ಅಂದರೆ ಪ್ರಮೇಯ ನಿಜವೆಂದು ತೋರಿಸುವುದಕ್ಕೆ, ಮೊದಲು ಉದಾಹರಣೆ ಬರಲಿ. ಎಲ್ಲ ಸೇತುವೆಗಳನ್ನೂ ಒಂದೊಂದೇ ಸಲ ದಾಟುವ ನಡಿಗೆ ಯಾವಾಗ ಸಾಧ್ಯ ಎಂದು ಹೇಳುವ ಆಯ್ಲರನ ಸೇತುವೆ ಪ್ರಮೇಯ ಆರಿಸಿಕೊಂಡಿದ್ದೀರಿ ಎನ್ನಿ. ಅಂದಿನ ಪ್ರಷ್ಯಾದ ಪಟ್ಟಣ ಕೋನಿಗ್ಸ್‌ಬರ್ಗಿನ 7 ಸೇತುವೆಗಳಿಗೆ ನೇರ ಹಾರಬೇಡಿ. ನಮ್ಮ ಕೂಡಲಿಯನ್ನು ಬರೆಯಿರಿ: ತುಂಗೆ, ಭದ್ರೆ ಸೇರುವಲ್ಲಿ ನೆಲ ಮೂರು ಪಾಲಾಗುತ್ತದೆ. ಪಾಲಿಗೊಂದು ಚುಕ್ಕಿ. ತುಂಗೆ, ಭದ್ರೆ, ತುಂಗಭದ್ರೆಗೆ ಒಂದೊಂದು ಸೇತುವೆ ಇದೆಯೆಂದು ಊಹಿಸಿ ಗೆರೆ ಎಳೆದರೆ ತ್ರಿಕೋನ. ಪ್ರತಿ ಚುಕ್ಕಿಗೂ 2 ಗೆರೆ. ಎಲ್ಲ ಸೇತುವೆಗಳನ್ನೂ ಒಂದೊಂದೇ ಸಲ ದಾಟಿ ಹೊರಟಲ್ಲಿಗೆ ಮರಳಬಹುದು. ತುಂಗೆಗೆ ಇನ್ನೊಂದು ಸೇತುವೆ ಸೇರಿಸಿ. ಈಗ ಲೆಕ್ಕ 3, 3, 2. ನಡಿಗೆ ಸಾಧ್ಯ, ಆದರೆ ಒಂದು ಬೆಸ ಚುಕ್ಕಿಯಲ್ಲಿ (ಬೆಸ ಸಂಖ್ಯೆಯ ಗೆರೆ ಸೇರುವ ಚುಕ್ಕಿ) ಹೊರಟು ಇನ್ನೊಂದರಲ್ಲೇ ಮುಗಿಯಬೇಕು. ಕೇಳುಗರು ನೋಟ್‌ಬುಕ್ಕಿನಲ್ಲಿ ಎಳೆದು ನೋಡಲು 2 ನಿಮಿಷ ಕೊಡಿ. ಆಮೇಲೆ ಕೋನಿಗ್ಸ್‌ಬರ್ಗಿನ 5, 3, 3, 3 ಬರೆಯಿರಿ. ಹೊರಡುವ, ಮುಗಿಯುವ ಚುಕ್ಕಿ ಬಿಟ್ಟು ಉಳಿದ ಚುಕ್ಕಿಗೆ ಬರುವ ಗೆರೆ, ಹೋಗುವ ಗೆರೆ ಜೋಡಿಯಾಗಲೇಬೇಕು. ಬೆಸ ಚುಕ್ಕಿ ಎರಡಕ್ಕಿಂತ ಹೆಚ್ಚಾದರೆ ಆಗದು ಎಂಬುದು ಅವರಿಗೇ ಹೊಳೆಯುತ್ತದೆ.

ಹೆಚ್ಚಿನವರು ಎಡವುವುದು ವಿಲೋಮದಲ್ಲಿ, ಅಂದರೆ ಮಾತನ್ನು ತಿರುಗಿಸಿ ಹೇಳುವಲ್ಲಿ. ಚಿತ್ರ ಬಿಡಿಬಿಡಿಯಾಗಿರದೆ ಎಲ್ಲ ಚುಕ್ಕಿಯೂ ಸಮವಾಗಿದ್ದರೆ ಹೊರಟಲ್ಲಿಗೆ ಮರಳುವ ಸುತ್ತು ಇದ್ದೇ ಇರುತ್ತದೆ ಎನ್ನಲು ಬೇರೆಯೇ ಸಾಧನೆ ಬೇಕು. ಸಮಯವಿಲ್ಲದಿದ್ದರೆ ಸಾಧಿಸಿಲ್ಲವೆಂದು ಸ್ಪಷ್ಟವಾಗಿ ಹೇಳಿ.

ಬೋರ್ಡನ್ನು ನಾಲ್ಕು ಭಾಗ ಮಾಡಿ. ಎಡಗಡೆ ಬರೆದ ಪ್ರಮೇಯವನ್ನು ಕೊನೆವರೆಗೂ ಒರೆಸಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಪ್ರೊಜೆಕ್ಟರ್ ಇಲ್ಲ, ತಗಡಿನ ಮಾಡಾದರೆ ಮಾತೂ ಕೇಳಿಸದು. ಮುಖ್ಯ ವಾಕ್ಯಗಳನ್ನೆಲ್ಲ ಬರೆದೇ ಹೇಳಿ. ಸೀಮೆಸುಣ್ಣ ಥಂಡಿ ಹಿಡಿಯದಂತೆ ಮುಚ್ಚಳದ ಡಬ್ಬಿಯಲ್ಲಿ ತನ್ನಿ.